ಈರುಳ್ಳಿ ಶೆಡ್ಡಿನ ಫೋನು

ನನ್ನದು ಗುಂಡ್ಲುಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ. ಭೀಮನಬೀಡಿನ ರಾಚಮ್ಮ, ತೀರಿಕೊಂಡ ಗಂಡನ ಹಳೆಯ ಫೋನನ್ನು ತಿಥಿಗೆ ಮುಂಚೆಯೇ ತಂದುಕೊಟ್ಟರು. ಕೆಟ್ಟಿದ್ದ ಸ್ಪೀಕರ್ ಕಿತ್ತು, ಬೇರೆಯದನ್ನು ಹಾಕದೆ, ಒಳಗಿದ್ದದ್ದನ್ನೆಲ್ಲ ಅಳಿಸಿ ಲಿನಕ್ಸ್ ಎಂಬ ಬೇರೆ ತಂತ್ರಾಂಶ ಹಾಕಿದೆ. ಈರುಳ್ಳಿ ಕೊಳೆಯದಂತೆ ಸೆಕೆ ಅಳೆಯಲೆಂದು, ಸೆನ್ಸರ್ ಜೋಡಿಸಿ ಅವರ ಶೆಡ್ಡಿನಲ್ಲೇ ತೂಗುಹಾಕಿದೆ.

ಮೂರು ದಿನ ಬಿಟ್ಟು ಹೋಗಿ ಫೋನಿನಲ್ಲಿ ದಾಖಲಾದ ಲೆಕ್ಕ ನೋಡಿದರೆ, ದಿನವೂ ಮಧ್ಯಾಹ್ನ ಒಂದೂ ಹತ್ತಕ್ಕೆ ಮೂವತ್ತೆಂಟು ಡಿಗ್ರಿ ಹತ್ತೊಂಬತ್ತಕ್ಕೆ ಇಳಿದಿತ್ತು. ಸೆನ್ಸರಿನದೇ ತಪ್ಪಿರಬೇಕೆಂದು ಶೆಡ್ಡಿನಲ್ಲೇ ಕಾದು ಕೂತೆ.

ಒಂದೂ ಹತ್ತಕ್ಕೆ, ಬೆವರುತ್ತಿದ್ದ ನನ್ನ ಕತ್ತು ತಣ್ಣಗಾಯಿತು. ಬೀಡಿ ವಾಸನೆ ಬಂತು. ಫೋನಿನೊಳಗೆ ಯಾರೋ ಎರಡು ಸಲ ಕೆಮ್ಮಿದರು.

ಈರುಳ್ಳಿ ಆರಿಸುತ್ತಿದ್ದ ರಾಚಮ್ಮ ತಲೆ ಎತ್ತದೆ, ನೀರಿನ ಚೊಂಬನ್ನು ಫೋನಿನ ಕೆಳಕ್ಕೆ ಸರಿಸಿದರು.

"ಅವ್ರು ಉಣ್ಣಾಕೆ ಬರೋ ಹೊತ್ತು ಕಣಪ್ಪ. ತಿಥಿ ಆಗೋಗಂಟ ಅವ್ರ ಸಾಮಾನ ಮುಟ್ಬಾರ್ದಾಗಿತ್ತು, ಕೊಟ್ಬುಟ್ಟೆ."

ಕಿತ್ತ ಸ್ಪೀಕರ್ ಆಗಲೂ ನನ್ನ ಅಂಗಡಿಯ ಡ್ರಾಯರಿನಲ್ಲೇ ಇತ್ತು. ಈಗಲೂ ಅಲ್ಲೇ ಇದೆ.