ನೆತ್ತಿಯ ಮೇಲಿನ ರೇಷ್ಮೆ ಜಾಲರಿ

ಏಳು ಬೆಟ್ಟಗಳ ಆಚೆ, ಹದ್ದುಗಳಿಗೆ ಕಲ್ಲಿನ ಕೊಕ್ಕಿದ್ದ ಕಾಲದಲ್ಲಿ, ಹೊನ್ನಗಿರಿ ಅಂತ ಒಂದು ರಾಜ್ಯವಿತ್ತು. ಅಲ್ಲಿನ ಆಸ್ಥಾನ ವೈದ್ಯ ಶರಭಾಂಕ ಪಂಡಿತ. ಯಾರ ತಲೆಬುರುಡೆ ಒಡೆದರೂ ಚಿನ್ನದ ತಗಡು ಕೂರಿಸಿ, ಅದರ ಮೇಲೆ ತನ್ನ ಮುದ್ರೆ ಒತ್ತುತ್ತಿದ್ದ. ಯುಗಾದಿಯ ದಿನ ಗುಣವಾದವರೆಲ್ಲ ಬಂದು ತಲೆ ಬಗ್ಗಿಸಬೇಕು, ಅವನು ಮುದ್ರೆ ಮುಟ್ಟಿ ನೋಡಬೇಕು. ಆಹಾ, ಆಗ ಅವನ ಗತ್ತು ನೋಡಬೇಕಿತ್ತು! ಅವನ ನೆತ್ತಿಯಲ್ಲೂ ಒಂದು ತಗಡಿತ್ತು. ಬೆಳೆದು ನಿಂತ ಶಿಷ್ಯನಾಗಿದ್ದಾಗ ಮರದಿಂದ ಬಿದ್ದವನಿಗೆ ಗುರುಗಳು ಹಾಕಿದ್ದು. ದಿನಾ ಅದನ್ನು ಅಂಟುವಾಳದ ನೊರೆಯಲ್ಲಿ ತೊಳೆದು ಹೊಳೆಯಿಸುತ್ತಿದ್ದ.

ಒಂದು ದಿನ, ರಾಜನ ಮೇಲೆ ಹಗೆ ಹಿಡಿದಿದ್ದ ಬೂದಿಗಣ್ಣನೆಂಬ ಮಾಂತ್ರಿಕ ಕಳಿಸಿದ ಹದ್ದು ಪುಟ್ಟ ರಾಜಕುಮಾರಿ ಮಧುಮಾಲೆಯ ನೆತ್ತಿಯನ್ನು ಕುಕ್ಕಿತು. ವೀಳ್ಯದೆಲೆಯಷ್ಟು ಮೂಳೆ ಹಾರಿಹೋಯಿತು. ಪಂಡಿತ ತಗಡು ಹಿಡಿದು ಓಡಿಬಂದ. ಅಷ್ಟರಲ್ಲಿ ನಾಗಲಾಂಬೆ ಅಡ್ಡ ಬಂದಳು. ಅವಳೂ ವೈದ್ಯೆ, ಅವನ ಜೊತೆ ಒಂದೇ ಗುರುಗಳ ಹತ್ತಿರ ಕಲಿತವಳು.

"ಮಹಾಪ್ರಭು, ಮಗು ಬೆಳೆಯುತ್ತೆ, ಚಿನ್ನ ಬೆಳೆಯುತ್ತಾ? ನಾಳೆ ಅದೇ ತಲೆಯನ್ನು ಹಿಂಡುತ್ತೆ. ನಾನು ರೇಷ್ಮೆಗೆ ಚಿಪ್ಪಿನ ಸುಣ್ಣ ಸೇರಿಸಿ ಜಾಲರಿ ನೇಯ್ದಿದ್ದೇನೆ. ಅವರೆಬಳ್ಳಿ ಚಪ್ಪರ ಹಿಡಿದ ಹಾಗೆ ಮೂಳೆ ಅದನ್ನು ಹಿಡಿದು ಬೆಳೆಯುತ್ತೆ. ಬೆಳೆದ ಹಾಗೆಲ್ಲ ಜಾಲರಿ ಕರಗುತ್ತೆ."

ರಾಜ ಒಪ್ಪಿ ತಲೆಯಾಡಿಸಿದ. ನಾಗಲಾಂಬೆ ಜಾಲರಿ ಕೂರಿಸಿದಳು.

ಪಂಡಿತ ಮನೆಗೆ ಬಂದು ತಗಡನ್ನು ಮೂಲೆಗೆಸೆದ. "ಕರಗಿಹೋಗೋ ದಾರಕ್ಕೆ ಇಷ್ಟು ಮೆರೆದಾಟವಾ! ಆಗ ಗುರುಗಳು ಇವಳನ್ನೇ ಹೊಗಳಿದರು, ಈಗ ರಾಜನೂ!" ಹೊಟ್ಟೆ ಉರಿದು ಉರಿದು, ನೇರ ಬೂದಿಗಣ್ಣನ ಗುಹೆಗೇ ಹೋದ.

"ಆ ಜಾಲರಿ ಹಾಳಾಗಬೇಕು, ಅಷ್ಟೇ. ಆಮೇಲೆ ನನ್ನ ತಗಡು ಹಾಕಿ ಮಗುವನ್ನು ನಾನೇ ಉಳಿಸ್ತೀನಿ."

"ಅದಕ್ಕೇನಂತೆ! ನಾನೇ ಗೆದ್ದಲಾಗಿ ನಿನ್ನ ಡಬ್ಬಿಯಲ್ಲಿ ಕೂರ್ತೀನಿ," ಅಂದ ಮಾಂತ್ರಿಕ. "ಒಂದು ಮಾತು. ಹೊರಗೆ ಬಿಟ್ಟರೆ, ತಲೆಯ ಮೇಲೆ ಮನುಷ್ಯ ಕೂರಿಸಿದ್ದನ್ನು ತಿನ್ನದೆ ನಾನು ಮತ್ತೆ ಡಬ್ಬಿಯೊಳಗೆ ಹೋಗೋನಲ್ಲ."

ಮೊದಲ ಸಲ ಪಂಡಿತ ಡಬ್ಬಿ ಹಿಡಿದು ಅರಮನೆಗೆ ಹೋದಾಗ ಮಧುಮಾಲೆ ಅವನ ಬೆರಳು ಹಿಡಿದುಕೊಂಡು, "ಪಂಡಿತಜ್ಜಾ, ಕತೆ ಹೇಳು" ಅಂದಳು. ಬಿಡಿಸಿಕೊಳ್ಳಲಾಗದೆ ಕತೆ ಹೇಳಿ ವಾಪಸು ಬಂದ.

ಎರಡನೆಯ ಸಲ ನಾಗಲಾಂಬೆ ಅಲ್ಲೇ ಕೂತಿದ್ದಳು. "ಬಾ ಅಣ್ಣಾ, ನೀನೇ ಮುಟ್ಟಿ ನೋಡು. ನಿನ್ನ ಕೈ ನನ್ನದಕ್ಕಿಂತ ಹಗುರ." ಮುಟ್ಟಿದ. ಅಂಚಿನಲ್ಲೆಲ್ಲ ಎಳೆಮೂಳೆ! ಅಯ್ಯೋ, ಅವಳು ಬೈದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ಕೆಲವು ತಿಂಗಳ ಮೇಲೆ ಮೂರನೆಯ ಸಲ ಹೋದಾಗ ಕೋಣೆಯಲ್ಲಿ ಯಾರೂ ಇರಲಿಲ್ಲ, ಮಗು ನಿದ್ದೆಹೋಗಿತ್ತು. ಹಲ್ಲು ಕಚ್ಚಿ ಡಬ್ಬಿ ತೆಗೆದ. ಗೆದ್ದಲು ಮಗುವಿನ ನೆತ್ತಿಯನ್ನೆಲ್ಲ ಸುತ್ತಿತು. ಎಲ್ಲಿದೆ ಜಾಲರಿ? ಕರಗಿಹೋಗಿತ್ತು. ಇದ್ದದ್ದೆಲ್ಲ ಅವಳದೇ ಮೂಳೆ.

ಗೆದ್ದಲು ತಿರುಗಿತು. ಪಂಡಿತನ ತೋಳು ಹತ್ತಿತು, ಕತ್ತು ಹತ್ತಿತು.

"ಏಯ್, ನನ್ನ ತಲೆಯಲ್ಲ! ನನ್ನದಲ್ಲ!" ಅಂತ ಕಿರುಚಿದ. ಕೇಳುವವರು ಯಾರು? ಅದು ಗುರುಗಳ ತಗಡನ್ನು ಅಂಚಿನಿಂದ ಅಂಚಿಗೆ ತಿಂದು ಮುಗಿಸಿತು. ಅಷ್ಟು ಚಿನ್ನ ಹೊಟ್ಟೆಯಲ್ಲಿ ಗಟ್ಟಿಯಾಗಿ, ಕೆಳಗೆ ಬಿದ್ದು ಸತ್ತೇಹೋಯಿತು. ಸತ್ತೊಡನೆ ಮತ್ತೆ ಬೂದಿಗಣ್ಣನ ರೂಪಕ್ಕೆ ತಿರುಗಿತು; ಅವನ ಕತೆ ಅಲ್ಲಿಗೆ ಮುಗಿಯಿತು. ಪಂಡಿತನೂ ತೆರೆದ ನೆತ್ತಿಯೊಡನೆ ದೊಪ್ಪನೆ ಬಿದ್ದ.

ಕಣ್ಣು ಬಿಟ್ಟಾಗ ತಲೆದೆಸೆಯಲ್ಲಿ ನಾಗಲಾಂಬೆ. ಅವಳ ಕೈಯಲ್ಲಿ ಆ ಡಬ್ಬಿ.

"ರಾಜನಿಗೆ ಏನಂದೆ?" ಅಂತ ಕೇಳಿದ.

"ಮಾಂತ್ರಿಕ ಸತ್ತ ಅಂದೆ. ಅಲ್ಲಾಡಬೇಡ, ಜಾಲರಿ ಹಸಿಯಾಗಿದೆ."

ಪಂಡಿತ ಗೋಡೆಯ ಕಡೆ ಮುಖ ತಿರುಗಿಸಿ ಅತ್ತ.

ಮುಂದಿನ ಯುಗಾದಿಗೆ ಮಧುಮಾಲೆ ಅಂಗಳದಲ್ಲಿ ಕುಣಿಯುತ್ತಿದ್ದಳು. ಪಂಡಿತ ಈ ಸಲ ತಾನೇ ಹೋಗಿ ನಾಗಲಾಂಬೆಯ ಮುಂದೆ ತಲೆ ಬಗ್ಗಿಸಿದ. ಅವಳು ತಡವಿದಳು, ಮತ್ತೆ ತಡವಿದಳು, ನಕ್ಕುಬಿಟ್ಟಳು.

"ಎಲ್ಲಿ ಹಾಕಿದ್ದೆ ಅಂತ ನನಗೇ ಗೊತ್ತಾಗ್ತಿಲ್ಲ ಅಣ್ಣಾ!"

ಹೊನ್ನಗಿರಿಯವರು ಗಟ್ಟಿ ತಲೆಯಲ್ಲಿ, ತಣ್ಣನೆಯ ಹೊಟ್ಟೆಯಲ್ಲಿ ಬಹುಕಾಲ ಬಾಳಿದರು. ಪಂಡಿತನೂ ಸುಖವಾಗಿದ್ದ. ಆಗಾಗ ಮಾತ್ರ ನೆತ್ತಿ ಸವರಿಕೊಂಡು ಅವಳ ಗುರುತು ಹುಡುಕುತ್ತಿದ್ದ. ಸಿಗದಿದ್ದಾಗ, "ಛೇ, ಇಷ್ಟೊಂದು ಚೆನ್ನಾಗಿ ಮಾಡಬಾರದಾಗಿತ್ತು" ಅಂತ ಗೊಣಗುತ್ತಿದ್ದ.