ಖರೇ ಪಿಯಾನೊ

ಹುಬ್ಬಳ್ಳಿಯ ರೆಕಾರ್ಡಿಂಗ್ ರೂಮಿನಲ್ಲಿ ಖರೇ ಪಿಯಾನೊ ಇದೆ ಎಂದು ಪ್ರಭು ಹೇಳಿದಾಗ ಶೈಲಾಳ ಎದೆ ಧಸಕ್ಕೆಂದಿತು. ಅವನಿಗೋ ಹಿಗ್ಗೇ ಹಿಗ್ಗು. ಆ ಪ್ಲಾಸ್ಟಿಕ್ ಕೀಬೋರ್ಡ್ ಇನ್ನು ಸಾಕು ಎಂದು ಹುಬ್ಬು ಹಾರಿಸಿದ. ಆ ಹುಬ್ಬಿಗೇ ಅವಳು ಮೊದಲ ದಿನ ಮರುಳಾದದ್ದು. ಹಾಳಾದ ಹುಬ್ಬು, ಈಗಲೂ ಅವಳನ್ನು ಬಿಟ್ಟಿಲ್ಲ.

ಸಂಶಿ ಊರಿನ ಅವರ ಬ್ಯಾಂಡಿನ ಹೆಸರು 'ಹಳೇ ಪ್ಲೇಟ್'. ಹಾಡು ಹೊಸವು, ಸದ್ದು ಮಾತ್ರ ಅಪ್ಪಂದಿರ ಕಾಲದ ಗ್ರಾಮಫೋನ್ ಪ್ಲೇಟಿನದು, ಕ್ಯಾಸೆಟ್ಟಿನದು: ಕುಣಿಯುವ ಪಿಯಾನೊ, ಜೋರು ಡ್ರಮ್, ಎಲ್ಲರೂ ಕೂಡಿ ಎಳೆಯುವ ಲಲಲಾ. ಪ್ರಭು ಹಾಡುವವ, ಶೈಲಾಳದು ಪಿಯಾನೊ, ಫಯಾಜನದು ಬೇಸ್ ಗಿಟಾರ್. ತಾಲೀಮು ಪ್ರಭುವಿನ ಕಾಕಾನ ಮೆಣಸಿನಕಾಯಿ ಗೋದಾಮಿನಲ್ಲಿ. ಅಲ್ಲಿ ಪ್ರೀತಿ ಮಾಡುವವರು ಸೀನುತ್ತಲೇ ಮಾಡಬೇಕು.

ಹೋದ ವರ್ಷ ಪ್ರಭುವಿನ ಗಂಟಲಿಗೆ ಆಪರೇಶನ್ ಆಯಿತು. ದನಿ ಉಳಿಯಿತು, ಎತ್ತರ ಹೋಯಿತು. ಹಾಡಿನ ತುದಿಯ ಸಾಲಿಗೆ ಬಂದರೆ ಸಾಕು, ದನಿ ಒಡೆದು ಮುಖ ಸಣ್ಣದಾಗುತ್ತಿತ್ತು. ಆ ಸಾಲು ಮತ್ತೆ ಹತ್ತಿದ ದಿನ ನಿಮ್ಮಪ್ಪನ ಮುಂದೆ ಬಂದು ನಿಲ್ಲುತ್ತೇನೆ, ಅಲ್ಲಿಯ ತನಕ ಮದುವೆಯ ಮಾತು ಬೇಡ ಎಂದುಬಿಟ್ಟ. ಮೊಂಡ ಅಂದರೆ ಮೊಂಡ.

ಶೈಲಾ ಕಾದಳು, ಕಾದಳು. ಕಡೆಗೊಂದು ದಿನ ಕೀಬೋರ್ಡಿನ ಗುಂಡಿ ಒತ್ತಿ ಇಡೀ ಹಾಡಿನ ಶ್ರುತಿಯನ್ನೇ ಕೆಳಗಿಳಿಸಿದಳು. ಬೆರಳು ಅವೇ ಕೀಗಳ ಮೇಲೆ, ಸದ್ದು ಮಾತ್ರ ತಗ್ಗಿನದು. ಪ್ರಭುವಿಗೆ ಹೇಳಬಾರದೆಂದು ಫಯಾಜನಿಂದ ಆಣೆ ತೆಗೆದುಕೊಂಡು ಬೇಸಿನ ತಂತಿಗಳನ್ನೂ ಸಡಿಲಿಸಿದಳು. ಪ್ರಭು ತುದಿಯ ಸಾಲನ್ನು ಸಲೀಸಾಗಿ ಹಾಡಿ, ಕಣ್ಣು ತುಂಬಿಕೊಂಡು ಅವಳನ್ನೇ ನೋಡಿದ. ಮರುವಾರವೇ ಹಿರಿಯರೊಡನೆ ಕುಂದಗೋಳದ ಅವಳ ಮನೆಗೆ ಬಂದ. ಮದುವೆ ನಿಶ್ಚಯವಾಯಿತು, ಸಕ್ಕರೆಯನ್ನೂ ಹಂಚಿದರು.

ಖರೇ ಪಿಯಾನೊಕ್ಕೆ ಆ ಗುಂಡಿ ಎಲ್ಲಿಂದ ಬರಬೇಕು? ಕೀಬೋರ್ಡೇ ಇರಲಿ ಎಂದು ಬೇಡಿಕೊಂಡಳು. ಅವನು ನಕ್ಕು, ಕೈಹಿಡಿದು ತಂದು ಪಿಯಾನೊದ ಮುಂದೆ ಕೂರಿಸಿದ. ಬೇರೆ ಕೀಗಳಲ್ಲಿ ಬಾರಿಸಿ ಅವಳ ಬೆರಳಿಗೆ ರೂಢಿಯೇ ಇಲ್ಲ. ಅವೇ ಕೀ ಒತ್ತಿದಳು, ಸದ್ದು ಮೊದಲಿನ ಎತ್ತರಕ್ಕೇ ಬಂತು. ಮೊದಲ ಸುತ್ತಿಗೇ ಪಿಯಾನೊ, ಬೇಸ್ ಹಾವು ಮುಂಗುಸಿಯಾದವು. ಬೇಸ್ ಕೆಳಗಿದೆ, ಏರಿಸಿರಿ ಎಂದ ರೆಕಾರ್ಡಿಂಗ್ ಮಾಡುವವ. ಫಯಾಜ್ ಅವಳ ಮುಖ ನೋಡಿ, ಬೇರೆ ದಾರಿಯಿಲ್ಲದೆ ಏರಿಸಿದ.

ತುದಿಯ ಸಾಲಿನಲ್ಲಿ ಪ್ರಭುವಿನ ದನಿ ಒಡೆಯಿತು. ಮತ್ತೆ ಹಾಡಿದ, ಮತ್ತೆ ಒಡೆಯಿತು. ಅವನೇನು ದಡ್ಡನಲ್ಲ. ಫಯಾಜನ ತಗ್ಗಿದ ತಲೆ ನೋಡಿದ, ಕೀಗಳಿಂದ ಮಡಿಲಿಗಿಳಿದ ಶೈಲಾಳ ಕೈ ನೋಡಿದ.

"ಯಾವಾಗಿಂದ?"

"ನೀ ನಮ್ಮ ಮನಿಗೆ ಬರೂಕಿಂತ ಮೊದಲಿಂದ."

ಅವನು ಬಯ್ಯಲಿಲ್ಲ. ಬೈದಿದ್ದರೆ ಅವಳೂ ಜಗಳಾಡಿ ಹಗುರಾಗುತ್ತಿದ್ದಳು. ಅವಳೊಬ್ಬಳನ್ನೇ ಬಸ್ ಸ್ಟ್ಯಾಂಡಿಗೆ ಕರೆತಂದು ಚಹಾ ಕುಡಿಸಿದ.

"ಹೇಳಿದ್ರ ನೀ ಹಾಡೂದ ಬಿಡತಿದ್ದಿ" ಎಂದಳು ಅಳುತ್ತ.

"ಹೇಳಿದ್ರ ನಾನ ಇಳಸು ಅಂತಿದ್ದೆ, ಶೈಲಾ. ನಾಚಿಕಿ ಆಗತಿತ್ತು, ಆದ್ರೂ ಅಂತಿದ್ದೆ." ಚಹಾದ ಲೋಟ ಕೆಳಗಿಟ್ಟ. "ಇನ್ನ ನೀ ಛಲೋ ಹಾಡಿದಿ ಅಂದಾಗೊಮ್ಮೆ ನಾ ನಿನ್ನ ಬೆರಳ ನೋಡತೀನಿ. ಹಂಗ ಸಂಸಾರ ಮಾಡಾಕ ಬರಂಗಿಲ್ಲ."

ತಪ್ಪಾಯಿತು, ಇನ್ನೆಂದೂ ಮಾಡುವುದಿಲ್ಲ ಎಂದಳು. ಅವನು ಎದ್ದು ಚಹಾದ ದುಡ್ಡು ಕೊಟ್ಟು ಬಂದ.

ಕುಂದಗೋಳದ ಮೇಲೆ ಸಂಶಿಗೆ ಹೋಗುವ ಬಸ್ ಬಂತು. ಪ್ರಭು ಎಂದಿನಂತೆ ಓಡಿ, ಕಿಟಕಿಯಿಂದ ಕರ್ಚೀಫ್ ಒಗೆದು ಇಬ್ಬರ ಸೀಟು ಹಿಡಿದ. ಶೈಲಾಳಿಗೆ ಹೋದ ಜೀವ ಬಂದಂತಾಯಿತು. ಅವಳನ್ನು ಕಿಟಕಿಗೆ ಕೂರಿಸಿ, ಬ್ಯಾಗ್ ಮೇಲಿಟ್ಟು, ಅವಳ ತಲೆಯ ಮೇಲೊಮ್ಮೆ ಕೈಯಿಟ್ಟ. ಆಮೇಲೆ ಇಳಿದು, ಹಿಂದಿರುಗಿ ನೋಡದೆ ಜನರೊಳಗೆ ಹೋದ.

ಬಸ್ ತುಂಬುತ್ತಿತ್ತು. ಸಂತೆಯ ಚೀಲ ಹೊತ್ತ ಮುದುಕಿಯೊಬ್ಬಳು ಬಾಜೂ ಸೀಟಿನ ಮೇಲಿದ್ದ ಕರ್ಚೀಫ್ ನೋಡಿ, ಯಾರಾದರೂ ಬರುವವರಿದ್ದಾರೇನವ್ವಾ ಎಂದು ಕೇಳಿದಳು.

ಶೈಲಾ ಬಾಗಿಲ ಕಡೆಗೊಮ್ಮೆ ನೋಡಿದಳು. ಕರ್ಚೀಫ್ ಎತ್ತಿಕೊಂಡಳು.

"ಯಾರೂ ಇಲ್ಲಬೇ. ಕುಂದ್ರ ಬಾ."