ಪುಣೆಗೆ ಹೊರಟ ಬ್ಯಾಟು

"ಅಮೀನಸಾಬ್ರೆ, ನನ್ನ ಗಂಡಗ ಠಾಣೇಕ ಎಳಕೊಂಡು ಹೊಂಟಾರ್ರಿ! ಅವ ಬ್ಯಾಟು ಹರದಿಲ್ರಿ!"

ಮಾಣಿಕಮ್ಮ ಹೊಸ್ತಿಲಲ್ಲೇ ಕುಸಿದಳು. ಶಹಾಬಾದಿನ ಟೆನಿಸ್ ಅಂಗಳ ನೋಡಿಕೊಳ್ಳುವ ಜಟ್ಟೆಪ್ಪನ ಹೆಂಡತಿ, ತುಂಬು ಬಸುರಿ. ನಿವೃತ್ತ ಪೊಲೀಸ್ ಅಮೀನ ಮಡಿವಾಳಯ್ಯನವರು ಎದುರಿಗಿದ್ದ ದೇವಿಂದ್ರಪ್ಪ ಮಾಸ್ತರರ ಮುಖ ನೋಡಿದರು. ಊರಲ್ಲಿ ಏನೇ ಕಳವಾದರೂ ಜನ ಮೊದಲು ಬರುತ್ತಿದ್ದುದು ಅಮೀನರ ಮನೆಗೆ. ಪತ್ತೆಗೆ ಹೊರಟ ಅವರ ಬೆನ್ನಿಗೆ ಮಾಸ್ತರರು ಇದ್ದೇ ಇರುತ್ತಿದ್ದರು.

ಇವತ್ತು ಮಾತ್ರ ಮಾಸ್ತರರ ಮೈ ಸಿಟ್ಟಿಗೆ ಉರಿಯುತ್ತಿತ್ತು. ದಸರಾ ರಜೆಗೆ ಪುಣೆಗೆ ಹೋಗಿ ಮನಸೋ ಇಚ್ಛೆ ಟೆನಿಸ್ ಆಡಬೇಕೆಂದು ಅವರೂ ಕಲ್ಲಿನ ವ್ಯಾಪಾರಿ ಕಲ್ಯಾಣಪ್ಪನೂ ವರ್ಷವಿಡೀ ಮಾತಾಡಿಕೊಂಡಿದ್ದರು. ಯಾವ ಗಾಡಿ, ಯಾವ ಕ್ಲಬ್ಬು, ಯಾರ ಮನೆಯಲ್ಲಿ ಊಟ, ಎಲ್ಲ ನಿಶ್ಚಯವಾಗಿತ್ತು. ಇಬ್ಬರ ಆಟವೂ ಅಷ್ಟಕ್ಕಷ್ಟೇ, ಹುಚ್ಚು ಮಾತ್ರ ಬೆಟ್ಟದಷ್ಟು. ಪುಣೆಯಲ್ಲಿ ಮೆರೆಯಲೆಂದು ಕಲ್ಯಾಣಪ್ಪ ಕ್ಲಬ್ಬಿನ ಅಧ್ಯಕ್ಷರ ವಿಲಾಯತಿ ಬ್ಯಾಟನ್ನು ಕಾಡಿಬೇಡಿ ತಂದಿದ್ದ. ಹತಾರಗಳ ಜೊತೆ ಅದಕ್ಕೂ ಖಂಡೇಪೂಜೆ ಮುಗಿಸಿ, ಬಟ್ಟೆಚೀಲದಲ್ಲಿ ಹಾಕಿ, ಕ್ಲಬ್ಬಿಗೆ ಒಯ್ದಿಡೆಂದು ಜಟ್ಟೆಪ್ಪನ ಕೈಗೆ ಕೊಟ್ಟಿದ್ದ. ಬೆಳಗ್ಗೆ ಚೀಲ ತೆರೆದರೆ ತಂತಿಗಳೆಲ್ಲ ಹರಿದಿದ್ದವು.

"ಸಾಮಾನು ಹೊರಾಕ ಪುಣೆಗೆ ಬಾ ಅಂದ್ರ, ಹೆಣ್ತಿ ಬಸುರಿ ಅದಾಳ, ಬರಂಗಿಲ್ಲ ಅಂತ ಎದುರಾಡಿದ್ದ. ಆ ಸಿಟ್ಟಿಗೇ ಹರದಾನ," ಎಂದು ಮಾಸ್ತರರು ಸಿಡುಕಿದರು.

"ತೆಗದವ್ರು ಯಾರು?"

"ಕಲ್ಯಾಣಪ್ಪನೇ. ಬ್ಯಾಟು ಸೊಟ್ಟ ಆಗಬಾರ್ದು ಅಂತ ಕಟ್ಟಿಗಿ ಪಟ್ಟಿ ನಡುವ ಇಟ್ಟು ತಿರುಪು ಬಿಗದಿದ್ದ. ತಿರುಪಿನ ಮ್ಯಾಲೆ ಪೂಜಿ ಚೆಂಡುಹೂವಿನ ದಾರ ಸುತ್ತಿತ್ತು. ಅದನ್ನ ಚಾಕುಲೆ ಕೊಯ್ದು ತೆಗದ."

"ನಡ್ರಿ ಮಾಸ್ತರೆ," ಎಂದು ಅಮೀನರು ಎದ್ದರು. ಮಾಣಿಕಮ್ಮನೂ ಹಿಂದೆಯೇ ಬಂದಳು.

ಕ್ಲಬ್ಬಿನ ಪಡಸಾಲೆಯಲ್ಲಿ ಜಟ್ಟೆಪ್ಪ, ಠಾಣೆಗೆ ಒಯ್ಯಲು ಬಂದ ಪೊಲೀಸ್ ಜಮಾದಾರನ ಪಕ್ಕ ನಿಂತಿದ್ದ. ಕಲ್ಯಾಣಪ್ಪ ಹೊಡೆದ ಕೆನ್ನೆ ಬಾತಿತ್ತು. ಅಮೀನರು ಬ್ಯಾಟನ್ನು ಬಿಸಿಲಿಗೆ ಹಿಡಿದರು. ತಂತಿಯ ತುದಿಗಳು ಉಬ್ಬಿ ಎಳೆಎಳೆಯಾಗಿದ್ದವು. ಹಿಡಿಯ ತೊಗಲು ಸೆಟೆದಿತ್ತು, ತಂತಿಯ ತೂತುಗಳಲ್ಲಿ ಕುಂಕುಮ ಕೂತಿತ್ತು. ಎರಡು ತುದಿಗಳು ಬ್ಯಾಟಿನ ಅಂಚಿಗೆ ಚಪ್ಪಟೆಯಾಗಿ ಅಂಟಿಕೊಂಡಿದ್ದವು. ಅವರು ಅಧ್ಯಕ್ಷರನ್ನೂ ಸದಸ್ಯರನ್ನೂ ಕರೆಸಿ ಕೂರಿಸಿದರು.

"ಚಾಕು ತಾಗಿದ್ರ ತುದಿ ನೆಟ್ಟಗ ಇರ್ತಿತ್ತು. ಇದು ಕುರಿ ಕರುಳಿನ ತಂತಿ. ನೀರು ಕುಡದ್ರ ಉಬ್ಬತದ, ಬಿಸಿಲಿಗೆ ಒಣಗಿದ್ರ ಪಟಪಟ ಹರೀತದ. ಖಂಡೇಪೂಜಿ ದಿನ ಕುಡಗೋಲು, ಸುತ್ತಿಗಿ ತೊಳದಂಗ ಇದನ್ನೂ ತೊಳದು, ಬಿಸಿಲಿಗೆ ಒಣಗ್ಸಿ, ಕುಂಕುಮ ಹಚ್ಚಿ ಜಗಲಿ ಮ್ಯಾಲೆ ಇಟ್ಟೀರಿ, ಹೌದಲ್ರಿ ಕಲ್ಯಾಣಪ್ಪ?"

ಕುರಿ ಕರುಳೆಂದು ಕೇಳಿ ಕಲ್ಯಾಣಪ್ಪನ ಕೈ ತಾನಾಗಿ ಕೊರಳ ಲಿಂಗದ ಕಡೆ ಹೋಯಿತು. "ತೊಳದೀನ್ರಿ. ಆದ್ರ ಹರದದ್ದು ಆಮ್ಯಾಲೆ, ಇವನ ಕೈಯಾಗ!"

"ಸುಳ್ಳು. ಈ ತುದಿಗಳು ಪಟ್ಟಿಗೂ ಅಂಚಿಗೂ ನಡುವ ಸಿಕ್ಕು ಚಪ್ಪಟಿ ಆಗ್ಯಾವ. ಅಂದ್ರ ಪಟ್ಟಿ ಬಿಗಿಯೂಕಿಂತ ಮೊದಲೇ ತಂತಿ ಹರದಿತ್ತು. ಬಿಗದವ್ರು ನೀವು. ಆ ಮ್ಯಾಲೆ ಯಾರೂ ಬಿಚ್ಚಿಲ್ಲ, ಯಾಕಂದ್ರ ಹೂವಿನ ದಾರ ಕೊಯ್ದವ್ರೂ ನೀವೇ. ಎಲ್ಲಾ ಕಂಡೂ ಬಿಗದು, ಇವನ ಕೈಗೆ ಕೊಟ್ರಿ."

ಕಲ್ಯಾಣಪ್ಪ ಅಧ್ಯಕ್ಷರ ಕಡೆ ತಿರುಗಿ ತೊದಲಿದ. "ನಿಮಗ ಹ್ಯಾಂಗ ಮಾರಿ ತೋರಸ್ಲಿ ಅಂತ..."

"ನಿನ್ನ ಮಾರಿ ಉಳೀಲಿ ಅಂತ ಇವ ಜೇಲಿಗೆ ಹೋಗ್ಬೇಕೇನಲೇ?" ಮಾಸ್ತರರು ಎದ್ದೇ ಬಿಟ್ಟರು. ಹೆರಿಗೆಯ ದಿನ ಗಂಡ ಸೆರೆಮನೆಯಲ್ಲಿದ್ದರೆ ಆ ಹೆಣ್ಣುಮಗಳ ಗತಿ ಏನು? "ಪುಣೇನೂ ಬ್ಯಾಡ, ನಿನ್ನ ಜೋಡಿ ಆಟಾನೂ ಬ್ಯಾಡ!"

ಜಮಾದಾರ ಜಟ್ಟೆಪ್ಪನ ತೋಳು ಬಿಟ್ಟ. ಕಲ್ಯಾಣಪ್ಪ ಅವನ ಹತ್ತಿರ ಬಂದು, ತಲೆ ತಗ್ಗಿಸಿ, ಯಾರಿಗೂ ಕೇಳದಷ್ಟು ಮೆಲ್ಲಗೆ ತಪ್ಪಾಯಿತೆಂದ.

"ಬ್ಯಾಟು ಹರದಾನ ಅಂತ ಬೈದದ್ದು ಊರಿಗೆಲ್ಲಾ ಕೇಳ್ಯಾದ ಸಾವಕಾರ್ರೆ," ಎಂದ ಜಟ್ಟೆಪ್ಪ. "ಇದನ್ನೂ ಅಷ್ಟೇ ಜೋರ್ಲೆ ಹೇಳ್ರಿ. ನನ್ನ ಹೆಣ್ತಿ ಹೊರಗ ನಿಂತಾಳ."

ಕಲ್ಯಾಣಪ್ಪ ಬಾಗಿಲಿನ ಕಡೆ ಮುಖ ಮಾಡಿ, ಗಂಟಲು ಹರಿಯುವಂತೆ ಕೂಗಿ ಹೇಳಿದ.